ಊರಿಗೊಬ್ಬರೇ ಇರುವಂಥ ಹವ್ಯಾಸ: ಕಟ್ಟಿಕೊಂಡು ಬಾಳುವುದು ಹೇಗೆ?

ಮಂಡ್ಯದಲ್ಲಿ ಕರೆಂಟ್ ಹೋದಾಗ ಖುಷಿಪಡುವ ಮನುಷ್ಯ ನಾನೊಬ್ಬನೇ ಇರಬೇಕು. ಬೀದಿಯೆಲ್ಲ "ಥೂ, ಹೋಯ್ತಾ" ಅನ್ನುವಾಗ ನಾನು ರೇಡಿಯೊ ಎತ್ತಿಕೊಂಡು ಮಹಡಿ ಮೆಟ್ಟಿಲು ಹತ್ತುತ್ತಿರುತ್ತೇನೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಟಿವಿ ಕೆಳಗಿನ ಡಬ್ಬಿ, ಇವೆಲ್ಲ ಹಗಲೂ ರಾತ್ರಿ ಸಣ್ಣಗೆ ರೇಡಿಯೊ ಗದ್ದಲ ಉಗುಳುತ್ತಿರುತ್ತವೆ. ಬೀದಿಗೆ ಬೀದಿಯೇ ಕತ್ತಲಾದರೆ ಆ ಗುಂಯ್ ಅನ್ನುವ ಸದ್ದು ಒಂದೇ ಸಲಕ್ಕೆ ನಿಲ್ಲುತ್ತದೆ. ಅದರಡಿ ಹೂತು ಹೋಗಿದ್ದ ಯಾವುದೋ ದೂರದ ದನಿ ಮೆಲ್ಲಗೆ ಮೇಲೆ ಬರುತ್ತದೆ.

ದೂರದ ರೇಡಿಯೊ ಸ್ಟೇಷನ್ ಹಿಡಿದು, ದಿನ ಹೊತ್ತು ಸಮೇತ ಬರೆದಿಡುವುದು ನನ್ನ ಹವ್ಯಾಸ. ಹಾಡು ಕೇಳುವುದಕ್ಕಲ್ಲ, ಸುದ್ದಿಗೂ ಅಲ್ಲ. ಯಾವ ಸ್ಟೇಷನ್, ಎಷ್ಟು ದೂರದ್ದು, ಎಷ್ಟು ಚೆನ್ನಾಗಿ ಕೇಳಿಸಿತು, ಇಷ್ಟೇ. ವಾರವೆಲ್ಲ ಮೈಸೂರಿನಲ್ಲಿ ಕೆಲಸ, ಶನಿವಾರ ಭಾನುವಾರ ಮಂಡ್ಯದ ಮನೆಯ ಮಹಡಿ. ಇಪ್ಪತ್ತು ವರ್ಷದಲ್ಲಿ ಈ ಎರಡೂ ಊರಲ್ಲಿ "ಅಯ್ಯೋ, ನಾನೂ ಅದನ್ನೇ ಮಾಡ್ತೀನಿ" ಅಂದವರು ಒಬ್ಬರೂ ಸಿಕ್ಕಿಲ್ಲ.

ನಿಮ್ಮದು ಬೇರೆ ಇರಬಹುದು. ಬೆಂಕಿಪೊಟ್ಟಣದ ಚೀಟಿ, ಅಂಚೆ ಠಸ್ಸೆ, ದೀಪಕ್ಕೆ ಬರುವ ಪತಂಗ, ವೀರಗಲ್ಲು, ಮೈಲಿಗಲ್ಲು, ಹಳೇ ರೈಲು ಟಿಕೆಟ್. ಯಾವುದೇ ಇರಲಿ, ಒಂಟಿ ಹವ್ಯಾಸದ ತಾಪತ್ರಯಗಳು ಹೆಚ್ಚುಕಮ್ಮಿ ಒಂದೇ. ಜೊತೆಗಾರರಿಲ್ಲ ಅನ್ನುವುದೇ ದೊಡ್ಡ ಕೊರತೆ ಅಂತ ನಾನೂ ತುಂಬ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಬೇಕಾದ್ದು ಎರಡು: ಒಂದು ಒಳ್ಳೆಯ ನೋಟ್‌ಬುಕ್, ಮತ್ತು ನಿಮ್ಮ ಹವ್ಯಾಸದ ಪಕ್ಕದಲ್ಲಿ ಹಾದುಹೋಗುವ ಕಸುಬಿನ ನಾಲ್ಕು ಜನ. ಎರಡನ್ನೂ ಸಂಪಾದಿಸುವ ದಾರಿ ಹೇಳುತ್ತೇನೆ.

1. ಮೊದಲು ಹೆಸರು ಪತ್ತೆ ಮಾಡಿ

ಮೊದಲ ಆರು ವರ್ಷ ನನ್ನ ಹುಚ್ಚಿಗೆ ಹೆಸರಿದೆ ಅಂತಲೇ ನನಗೆ ಗೊತ್ತಿರಲಿಲ್ಲ. "ದೂರದ ಸ್ಟೇಷನ್ ಹಿಡಿಯೋದು" ಅನ್ನುತ್ತಿದ್ದೆ. ಆಮೇಲೆ ಗೊತ್ತಾಯಿತು, ಇದನ್ನು ಡಿಎಕ್ಸಿಂಗ್ ಅನ್ನುತ್ತಾರೆ, ಮಾಡುವವರು ಲೋಕದ ತುಂಬ ಇದ್ದಾರೆ ಅಂತ. ಆ ಒಂದು ಪದ ಸಿಕ್ಕಿದ್ದೇ ತಡ, ಹಳೇ ಪತ್ರಿಕೆಗಳು, ಸ್ಟೇಷನ್ ಪಟ್ಟಿಗಳು, ಬರೆದಿಡುವ ಪದ್ಧತಿ, ಎಲ್ಲ ಸಾಲಾಗಿ ಬಂದವು. ಅಷ್ಟು ದಿನ ನಾನು ಕಷ್ಟಪಟ್ಟು ಕಂಡುಹಿಡಿದ ಅರ್ಧ ವಿಷಯ ಐವತ್ತು ವರ್ಷದ ಹಿಂದೆಯೇ ಯಾರೋ ಬರೆದಿಟ್ಟಿದ್ದರು. ಸ್ವಲ್ಪ ಹೊಟ್ಟೆ ಉರಿಯಿತು, ನಿಜ.

ಬೆಂಕಿಪೊಟ್ಟಣದ ಚೀಟಿ ಕೂಡಿಡುವುದಕ್ಕೆ ಫಿಲ್ಯುಮೆನಿ ಅನ್ನುತ್ತಾರೆ. ಅಂಚೆ ಠಸ್ಸೆ ಓದುವುದಕ್ಕೆ ಮಾರ್ಕೋಫಿಲಿ. ನಿಮ್ಮದಕ್ಕೂ ಇಂಥ ಒಂದು ಹೆಸರು ಇದ್ದೇ ಇರುತ್ತದೆ, ಹುಡುಕಿ.

ಆದರೆ ಈ ಹೆಸರನ್ನು ಗುಜರಿ ಅಂಗಡಿಗೆ ತೆಗೆದುಕೊಂಡು ಹೋಗಬೇಡಿ. ಅಲ್ಲಿ "ಹಳೇ ಬೆಂಕಿಪೊಟ್ಟಣ ಇದ್ರೆ ಎತ್ತಿಡಿ ಅಣ್ಣ" ಅಂದರೆ ಸಾಕು. ಹುಡುಕಾಟಕ್ಕೊಂದು ಹೆಸರು, ಬೀದಿಗೊಂದು ಹೆಸರು ಇಟ್ಟುಕೊಳ್ಳಿ.

2. ಬೇಲಿ ಹಾಕಿಕೊಳ್ಳಿ

"ಅಂಚೆಗೆ ಸಂಬಂಧಿಸಿದ್ದೆಲ್ಲ" ಅಂತ ಶುರು ಮಾಡಿದವರು ಎರಡು ವರ್ಷಕ್ಕೆ ಸುಸ್ತಾಗುತ್ತಾರೆ. "ಮಂಡ್ಯ ಜಿಲ್ಲೆಯ ಏಳು ತಾಲೂಕುಗಳ ಅಂಚೆ ಕಚೇರಿಗಳ ಠಸ್ಸೆ" ಅಂದುಕೊಂಡವರು ಉಳಿಯುತ್ತಾರೆ. ಬೇಲಿ ಚಿಕ್ಕದಾದಷ್ಟೂ ಒಳಗಿನದು ಚೆನ್ನಾಗಿ ಕಾಣುತ್ತದೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾಗಿದ್ದು 1939ರಲ್ಲಿ. ಅದಕ್ಕೂ ಮುಂಚೆ ಅದು ಮೈಸೂರು ಜಿಲ್ಲೆಯೊಳಗೇ ಇತ್ತು. ಇಷ್ಟು ಗೊತ್ತಿದ್ದರೆ ಹಳೇ ಕಾಗದದ ಮೇಲಿನ ವಿಳಾಸವನ್ನು ಓದುವ ರೀತಿಯೇ ಬದಲಾಗುತ್ತದೆ.

ಬೆಂಕಿಪೊಟ್ಟಣದವರಿಗೆ ಇನ್ನೊಂದು ಥರದ ಬೇಲಿ ಉಂಟು: ಬೆಲೆ. ಪೊಟ್ಟಣದ ಬೆಲೆ 2007ರಲ್ಲಿ 50 ಪೈಸೆಯಿಂದ 1 ರೂಪಾಯಿಗೆ ಏರಿತು. ಅದು 2 ರೂಪಾಯಿ ಆಗಲು 2021ರ ಡಿಸೆಂಬರ್ ಬರಬೇಕಾಯಿತು. "ಒಂದು ರೂಪಾಯಿ ಕಾಲದ ಪೊಟ್ಟಣಗಳು ಮಾತ್ರ" ಅಂತ ಗೆರೆ ಎಳೆದರೆ ಸುಮಾರು ಹದಿನಾಲ್ಕು ವರ್ಷ ನಿಮ್ಮ ಕೈಗೆ ಸಿಕ್ಕ ಹಾಗೆ. ನಮ್ಮ ಕಡೆಯ ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುವುದರಲ್ಲಿ ಮುಕ್ಕಾಲು ಪಾಲು ಶಿವಕಾಶಿ ಕಡೆಯದು. ಹಾಗಾಗಿ ಊರು ಬಿಟ್ಟು ಅಲೆಯುವ ಅಗತ್ಯವೂ ಇಲ್ಲ.

ನನ್ನ ಬೇಲಿ ಮೀಡಿಯಂ ವೇವ್, ಅಂದರೆ ಬೆಂಗಳೂರು, ಧಾರವಾಡದಂಥ ಆಕಾಶವಾಣಿ ಸ್ಟೇಷನ್‌ಗಳು ಸಿಗುವ ರೇಡಿಯೊ ಪಟ್ಟಿ. ದೂರ ದೇಶದ ಸ್ಟೇಷನ್‌ಗಳು ಸಿಗುವ ಶಾರ್ಟ್‌ವೇವ್ ಕಡೆಗೂ ಆಗಾಗ ಕತ್ತು ಚಾಚುತ್ತೇನೆ, ಅದು ಹಬ್ಬದೂಟ ಇದ್ದ ಹಾಗೆ. ದಿನದ ಮುದ್ದೆ ಮಾತ್ರ ಮೀಡಿಯಂ ವೇವೇ.

3. ನೋಟ್‌ಬುಕ್

ಇಲ್ಲಿ ಸ್ವಲ್ಪ ನಿಲ್ಲೋಣ. ಉಳಿದ ಹೆಜ್ಜೆ ಬಿಟ್ಟರೂ ನಡೆಯುತ್ತದೆ, ಇದನ್ನು ಬಿಟ್ಟರೆ ಆಗುವುದಿಲ್ಲ.

ಮದ್ದೂರು ತಾಲೂಕಿನಲ್ಲಿ ಆತಕೂರು ಅಂತ ಊರಿದೆ. ಕ್ರಿ.ಶ. 950ರ ಆಸುಪಾಸಿನ ಒಂದು ಶಾಸನ ಸಿಕ್ಕಿದ್ದು ಅಲ್ಲಿ. ಗಂಗರ ದೊರೆ ಬೂತುಗನ ಕಡೆ ಮಣಲೇರ ಅಂತ ಒಬ್ಬ ವೀರ ಇದ್ದ. ಅವನ ಪರಾಕ್ರಮ ಮೆಚ್ಚಿ "ಏನು ಬೇಕೋ ಕೇಳು" ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ಒಂದು ನಾಯಿಯನ್ನು. ಆಮೇಲೆ ಆ ನಾಯಿ ದೊಡ್ಡದೊಂದು ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದೇ ಕಲ್ಲಿನಲ್ಲಿ ತಕ್ಕೋಲದ ದೊಡ್ಡ ಯುದ್ಧದ ಸಂಗತಿಯೂ ಇದೆ, ಚರಿತ್ರೆಯವರಿಗೆ ಅದೇ ಮುಖ್ಯ. ನನಗೆ ನಾಯಿಯೇ ಮುಖ್ಯ. "ಏನಯ್ಯಾ ಇವನು, ಕೇಳಿ ಕೇಳಿ ನಾಯಿ ಕೇಳಿದ" ಅಂತ ಅವತ್ತು ಯಾರೂ ಅನ್ನದೆ ಇದ್ದಿರುತ್ತಾರಾ? ಕೆತ್ತಿಸಿದ್ದಕ್ಕೆ ಸಾವಿರ ವರ್ಷ ಆದಮೇಲೂ ಕಾಳಿಯ ಹೆಸರು ಉಳಿದಿದೆ.

ನಾವು ಕಲ್ಲು ನಿಲ್ಲಿಸಬೇಕಾಗಿಲ್ಲ. ನೂರು ಹಾಳೆಯ ರಟ್ಟಿನ ನೋಟ್‌ಬುಕ್ ಸಾಕು. ನನ್ನದರಲ್ಲಿ ಒಂದು ಸಾಲು ಹೀಗಿರುತ್ತದೆ:

12 ಜನವರಿ, 16:10, 765, ಧಾರವಾಡ, 3-2-3-3-3, ತಿಂಗಳು ಬೆಳಕು, ಪಕ್ಕದ ಮನೆ ಮೋಟರ್ ಆನ್.

16:10 ಅಂದರೆ ಸಂಜೆ ನಾಲ್ಕು ಗಂಟೆ ಅಲ್ಲ. ರೇಡಿಯೊ ಮಂದಿ ಲೋಕಕ್ಕೆಲ್ಲ ಒಂದೇ ಹೊತ್ತು ಇಟ್ಟುಕೊಂಡಿದ್ದಾರೆ, ಅದನ್ನು ಯುಟಿಸಿ ಅನ್ನುತ್ತಾರೆ. ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದರೆ ಅದು ಬರುತ್ತದೆ. ನಾನು ಕೇಳಿದ್ದು ರಾತ್ರಿ 9:40ಕ್ಕೆ. 765 ಅನ್ನುವುದು ಕಿಲೋಹರ್ಟ್ಸ್. ಬೆಂಗಳೂರು 612, ಭದ್ರಾವತಿ 675, ಧಾರವಾಡ 765. ಇವು ನನಗೆ ಮನೆಮಂದಿಯ ಫೋನ್ ನಂಬರಿಗಿಂತ ಚೆನ್ನಾಗಿ ನೆನಪಿವೆ. ಕೊನೆಯ ಐದು ಅಂಕಿ ಸ್ಟೇಷನ್‌ಗೆ ಕೊಟ್ಟ ಮಾರ್ಕ್ಸು: ದನಿ ಎಷ್ಟು ಗಟ್ಟಿ, ಬೇರೆ ಸ್ಟೇಷನ್ ಕಾಟ ಎಷ್ಟು, ಗದ್ದಲ ಎಷ್ಟು, ದನಿ ಏರಿಳಿಯುವುದು ಎಷ್ಟು, ಒಟ್ಟಾರೆ ಹೇಗೆ. ಐದು ಅಂದರೆ ಉತ್ತಮ, ಒಂದು ಅಂದರೆ ದೇವರೇ ಗತಿ. ಇದು ಎಲ್ಲ ದೇಶದವರೂ ಬಳಸುವ ಲೆಕ್ಕ, ಸಿನ್ಪೊ ಅಂತ ಹೆಸರು.

ಮೋಟರ್ ಯಾಕೆ ಬರೆದೆ ಅಂತೀರಾ? ಮೂರು ವರ್ಷದ ಸಾಲುಗಳನ್ನು ಒಟ್ಟಿಗೆ ನೋಡಿದಾಗ ಗೊತ್ತಾಯಿತು, ನನ್ನ ಕೆಟ್ಟ ರಾತ್ರಿಗಳಲ್ಲಿ ಹೆಚ್ಚಿನವು ಪಕ್ಕದವರು ಟ್ಯಾಂಕ್ ತುಂಬಿಸುವ ರಾತ್ರಿಗಳು. ಆಕಾಶದ ತಪ್ಪು ಅಂದುಕೊಂಡಿದ್ದು ನೀರಿನ ಮೋಟರ್ ತಪ್ಪಾಗಿತ್ತು. ಬರೆಯುವಾಗ ಯಾವುದು ಮುಖ್ಯ ಅಂತ ಗೊತ್ತಿರುವುದಿಲ್ಲ. ಅದಕ್ಕೇ ಒಂದೆರಡು ಬೇಡದ್ದನ್ನೂ ಬರೆಯಿರಿ.

ಇನ್ನೊಂದು ಕಟ್ಟುನಿಟ್ಟಿನ ಮಾತು. ಕಂಡದ್ದು ಬೇರೆ, ಅಂದುಕೊಂಡದ್ದು ಬೇರೆ. ಎರಡಕ್ಕೂ ಬೇರೆ ಬೇರೆ ಅಂಕಣ ಇರಲಿ. ಶಾರ್ಟ್‌ವೇವ್‌ನಲ್ಲಿ ಒಂದು ಸ್ಟೇಷನ್ ಕೇಳಿ ಇಡೀ ವರ್ಷ "ವಿಯೆಟ್ನಾಂ" ಅಂತ ಬರೆದೆ. ಭಾಷೆ ವಿಯೆಟ್ನಾಮಿಯೇ, ಸ್ಟೇಷನ್ ಮಾತ್ರ ಚೀನಾದ್ದು. ಅವರು ಬೇರೆಬೇರೆ ಭಾಷೆಯಲ್ಲಿ ಪ್ರಸಾರ ಮಾಡುತ್ತಾರೆ. "ಭಾಷೆ: ವಿಯೆಟ್ನಾಮಿ ಇರಬಹುದು" ಅಂತ ಬರೆದಿದ್ದರೆ ಅಷ್ಟೊಂದು ಪುಟ ಕೆಂಪು ಪೆನ್ನಲ್ಲಿ ತಿದ್ದಬೇಕಾಗುತ್ತಿರಲಿಲ್ಲ.

ಪತಂಗ ನೋಡುವವರು ದಿನ, ಜಾಗ, ಯಾವ ದೀಪ, ಮಳೆ ಇತ್ತಾ, ಚಂದ್ರ ಇದ್ದನಾ ಬರೆಯಬೇಕು. ವೀರಗಲ್ಲಿನವರು ಕಲ್ಲು ಯಾವ ಕಡೆಗೆ ಮುಖ ಮಾಡಿದೆ, ಎತ್ತರ ಎಷ್ಟು, ಯಾರ ಹೊಲ, ಇಷ್ಟಾದರೂ ಬರೆಯಬೇಕು. ಪಕ್ಕದಲ್ಲಿ ಅಳತೆಯ ಸ್ಕೇಲ್ ಇಟ್ಟೇ ಫೋಟೊ ತೆಗೆಯಿರಿ. ಅಕ್ಷರ ಮಸುಕಾಗಿದ್ದರೆ ಸುಣ್ಣ, ಹಿಟ್ಟು, ಎಣ್ಣೆ ಏನೂ ಬಳಿಯಬೇಡಿ. ಬ್ರಶ್ ಹಾಕಿ ಉಜ್ಜಲೂ ಬೇಡಿ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಇಲ್ಲವೇ ಕತ್ತಲಾದಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಅಕ್ಷರಗಳ ಹಳ್ಳದಲ್ಲಿ ನೆರಳು ತುಂಬಿಕೊಂಡು ತಾವೇ ಎದ್ದು ಬರುತ್ತವೆ.

4. ಖರ್ಚು

ಮೊದಲ ವರ್ಷ ಏನನ್ನೂ ಕೊಳ್ಳಬೇಡಿ. ಇದ್ದದ್ದರಲ್ಲೇ ಮಾಡಿ. ವರ್ಷ ಆದಮೇಲೂ ಆಸೆ ಉಳಿದಿದ್ದರೆ ಕೊಳ್ಳಿ. ನನ್ನ ಮೊದಲ ಆಂಟೆನಾ ಹತ್ತು ಮೀಟರ್ ತಾಮ್ರದ ವೈರು, ಒಂದು ಮೊಸಳೆ ಕ್ಲಿಪ್ಪು. ಒಂದು ತುದಿ ತೆಂಗಿನ ಮರಕ್ಕೆ, ಇನ್ನೊಂದು ರೇಡಿಯೊ ಏರಿಯಲ್‌ಗೆ. ಇವತ್ತಿಗೂ ಅದೇ.

ವೈರಿನ ವಿಷಯ ಬಂತಲ್ಲ, ಒಂದು ಎಚ್ಚರಿಕೆ. ಕರೆಂಟ್ ತಂತಿಯ ಹತ್ತಿರ ಎಳೆಯಬೇಡಿ, ಅದು ತುಂಡಾಗಿ ಇದರ ಮೇಲೆ ಬೀಳಬಹುದು, ಇದು ಅದರ ಮೇಲೂ ಬೀಳಬಹುದು. ಗುಡುಗು ಕೇಳಿಸಿದ ತಕ್ಷಣ ಕ್ಲಿಪ್ ತೆಗೆದು ವೈರನ್ನು ಹೊರಗೇ ಬಿಡಿ. ನಾನು ಒಂದು ಮೇ ತಿಂಗಳು "ಇನ್ನೂ ದೂರ ಇದೆ ಬಿಡು" ಅಂದುಕೊಂಡು ಕಾಫಿ ಕುಡಿಯಲು ಕೆಳಗಿಳಿದೆ. ವಾಪಸ್ ಬಂದಾಗ ರೇಡಿಯೊ ಮೂಕವಾಗಿತ್ತು.

5. ಪಕ್ಕದ ಕಸುಬಿನವರನ್ನು ಹಿಡಿಯಿರಿ

ನಿಮ್ಮ ಹವ್ಯಾಸ ಇನ್ನೊಬ್ಬರಿಗಿಲ್ಲದೆ ಇರಬಹುದು. ಆದರೆ ಅದು ಯಾರದೋ ಹೊಟ್ಟೆಪಾಡಿನ ಪಕ್ಕದಲ್ಲೇ ಹಾದುಹೋಗಿರುತ್ತದೆ. ನನಗೆ ಗುಜರಿಯವರು, ಟಿವಿ ರಿಪೇರಿಯವರು, ಪೋಸ್ಟ್‌ಮ್ಯಾನ್. ಠಸ್ಸೆಯವರಿಗೆ ಹಳೇ ಮಂಡಿ ಅಂಗಡಿಯ ಗುಮಾಸ್ತರು, ಅವರ ಕಾಗದದ ಕಂತೆಗಳು. ಪತಂಗದವರಿಗೆ ರಾತ್ರಿ ಪಾಳಿಯ ವಾಚ್‌ಮನ್, ಯಾವ ದೀಪಕ್ಕೆ ಯಾವ ಹುಳ ಬರುತ್ತದೆ ಅಂತ ಅವನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲ್ಲ.

ಮೈಸೂರಿನಲ್ಲಿ ಒಂದು ಗುಜರಿ ಅಂಗಡಿ. ಮೂಲೆಯಲ್ಲಿ ಮರದ ಪೆಟ್ಟಿಗೆಯ ಹಳೇ ವಾಲ್ವ್ ರೇಡಿಯೊ ಕಂಡೆ. ಮುಂದಿನ ಬಟ್ಟೆ ಇಲಿ ಕಡಿದಿತ್ತು. ಗಾಜಿನ ಮೇಲೆ ಊರುಗಳ ಹೆಸರು ಇನ್ನೂ ಓದುವ ಹಾಗಿದ್ದವು.

"ಎಷ್ಟು ಅಣ್ಣ ಇದು?"

ಅವರು ಅದನ್ನು ಎತ್ತಿ ತಕ್ಕಡಿ ಮೇಲಿಟ್ಟರು. "ಇಲ್ಲಿ ಕೆಜಿ ಲೆಕ್ಕ ಸಾರ್, ರೇಡಿಯೊ ಲೆಕ್ಕ ಅಲ್ಲ."

ಕೆಜಿ ಲೆಕ್ಕದಲ್ಲೇ ತಂದೆ. ಹತ್ತು ದಿನ ಆದಮೇಲೆ ಅದು ಹಾಡುತ್ತಿರುವ ವಿಡಿಯೊ ಫೋನಲ್ಲಿ ಹಾಕಿಕೊಂಡು ಹೋಗಿ ತೋರಿಸಿದೆ. ಅವರು ಎರಡು ಸಲ ನೋಡಿದರು. ಅಂಗಡಿ ಹುಡುಗನನ್ನೂ ಕರೆದು ತೋರಿಸಿದರು. ಅವತ್ತಿನಿಂದ ಯಾವ ರೇಡಿಯೊ ಬಂದರೂ ಒಡೆಯುವ ಮುಂಚೆ ನನಗೊಂದು ಫೋನು. ಈಗ ಕೆಜಿ ಲೆಕ್ಕ ಇಲ್ಲ, ರೇಡಿಯೊ ಲೆಕ್ಕ ಶುರುವಾಗಿದೆ. ಅದು ನನ್ನದೇ ತಪ್ಪು.

ಇವರ ಹತ್ತಿರ ಹೋಗುವ ರೀತಿ: ಬೆಳಗ್ಗೆ ಬೋಣಿ ಆಗುವ ಮುಂಚೆ ಹೋಗಬೇಡಿ. ಕೈಯಲ್ಲಿ ವಸ್ತು ಹಿಡಿದು ಹೋಗಿ, ಬರೀ ಮಾತು ಹೊತ್ತು ಹೋಗಬೇಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಅವರ ಕೆಲಸದಲ್ಲಿ ಅವರಿಗಿರುವ ಜ್ಞಾನವನ್ನು ಕೇಳಿ, ನಿಮ್ಮ ಜ್ಞಾನ ಬಿಚ್ಚಬೇಡಿ. ಸಿಕ್ಕಿದ್ದರಿಂದ ಏನಾಯಿತು ಅಂತ ವಾಪಸ್ ಹೋಗಿ ಹೇಳಿ. ಹೆಚ್ಚಿನವರು ಮರೆಯುವುದು ಇದನ್ನೇ.

ಶಾಸನ, ವೀರಗಲ್ಲು ಹುಡುಕುವವರಿಗೆ ಇನ್ನೊಂದು ಕಷ್ಟ ಇದೆ. ಮಂಡ್ಯ ಕಡೆ ಹಳ್ಳಿಯಲ್ಲಿ ಹೊಸಬರೊಬ್ಬರು ಹಳೇ ಕಲ್ಲು ನೋಡುತ್ತಾ ನಿಂತರೆ ಮೊದಲು ಬರುವ ಅನುಮಾನ ನಿಧಿ. "ಯಾನ್ಲಾ ಅದು, ನಿಧಿ ಗಿಧಿ ಐತಾ?" ಅಂತ ಕೇಳಿದರೆ ನಗಬೇಡಿ. ಅವರು ತಮಾಷೆಗೆ ಕೇಳುತ್ತಿಲ್ಲ. ಕಲ್ಲಿನ ಹತ್ತಿರ ಹೋಗುವ ಮುಂಚೆಯೇ ಹೊಲದವರ ಮನೆಗೆ ಹೋಗಿ. ಟೀ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೆ ಬಂದ ವಿಷಯ ಹೇಳಿ. ಒಂಟಿಯಾಗಿ ಕತ್ತಲಲ್ಲಿ ಹೋಗಬೇಡಿ, ಟಾರ್ಚ್ ಕೆಲಸ ಇದ್ದರೆ ಊರಿನವರನ್ನೇ ಹಿಡಿದುಕೊಳ್ಳಲು ಕೇಳಿ. ಗುದ್ದಲಿ ಹಾಗಿರಲಿ, ಕಡ್ಡಿ ಹಿಡಿದೂ ಮಣ್ಣು ಕೆದಕಬೇಡಿ. ಮುಂದಿನ ಸಲ ಫೋಟೊದ ಪ್ರಿಂಟ್ ಹಾಕಿಸಿಕೊಂಡು ಹೋಗಿ ಅವರಿಗೇ ಕೊಡಿ. ಗೋಡೆ ಮೇಲೆ ಆ ಫೋಟೊ ಏರಿದ ಮನೆಯವರು ಆ ಕಲ್ಲಿಗೆ ಬಟ್ಟೆ ಒಗೆಯಲು ಬಿಡುವುದಿಲ್ಲ, ನಾನು ನೋಡಿದ್ದೇನೆ.

ಪತಂಗಕ್ಕೆ ಬಿಳೀ ಬಟ್ಟೆ ಕಟ್ಟಿ ದೀಪ ಹಾಕುವವರು ಅಕ್ಕಪಕ್ಕದವರಿಗೆ ಮೊದಲೇ ಹೇಳಿ. ರಾತ್ರಿ ಹನ್ನೊಂದಕ್ಕೆ ಮಹಡಿ ಮೇಲೆ ಬಿಳೀ ಬಟ್ಟೆ ಅಲ್ಲಾಡುತ್ತಿದ್ದರೆ ಯಾರಿಗಾದರೂ ಗಾಬರಿ ಆಗುತ್ತದೆ ಅಲ್ವಾ?

6. ಮೈಸೂರನ್ನು ಬಳಸಿಕೊಳ್ಳಿ

ವಿಚಿತ್ರ ಹವ್ಯಾಸಗಳಿಗೆ ಮೈಸೂರಿನಷ್ಟು ಹೇಳಿ ಮಾಡಿಸಿದ ಊರು ಕಡಿಮೆ. ದೊರೆಯೇ ಆ ಸಾಲಿಗೆ ಸೇರಿದವರು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳ ಹುಚ್ಚು. 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆತ್ತಿಕೊಂಡರು. ಆಡಳಿತ ಕೈತಪ್ಪಿದ ದೊರೆ ಗಂಜೀಫ ಅನ್ನುವ ಇಸ್ಪೀಟಿನಂಥ ಎಲೆಯಾಟದಲ್ಲಿ ಹೊಸ ಹೊಸ ಆಟ ಕಟ್ಟಿದರು. ಕೆಲವಕ್ಕೆ 300ಕ್ಕೂ ಜಾಸ್ತಿ ಎಲೆಗಳು. ಚದುರಂಗದ ಕುದುರೆಯನ್ನು ಒಂದೊಂದು ಮನೆಗೂ ಒಂದೇ ಸಲ ಇಳಿಸಿ ಇಡೀ ಹಾಸು ಸುತ್ತಿಸುವ ಲೆಕ್ಕಗಳನ್ನೂ ಬಿಡಿಸಿದರು. ಅಷ್ಟು ಎಲೆಯ ಆಟವನ್ನು ಇವತ್ತು ಯಾರು ಆಡುತ್ತಾರೆ ಹೇಳಿ? ಆದರೂ ಅದು ಹೇಗಿತ್ತು ಅಂತ ನಮಗೆ ಗೊತ್ತು. ಶ್ರೀತತ್ತ್ವನಿಧಿ ಅನ್ನುವ ತಮ್ಮ ದೊಡ್ಡ ಗ್ರಂಥದ ಕೌತುಕನಿಧಿ ಭಾಗದಲ್ಲಿ ಅದನ್ನು ಬರೆಸಿಟ್ಟಿದ್ದಾರೆ. ದೊರೆಗೇ ಜೊತೆ ಆಡುವವರು ಉಳಿಯಲಿಲ್ಲ, ಪುಸ್ತಕ ಉಳಿಯಿತು.

ನನ್ನ ದಾರಿಯ ಹಿರಿಯರು ಒಂಟಿಕೊಪ್ಪಲಿನವರು. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. ಮೊದಲಿಗೆ ಇದ್ದದ್ದು 30 ವ್ಯಾಟ್‌ನ ಟ್ರಾನ್ಸ್‌ಮಿಟರ್. ನಮ್ಮ ಮನೆ ಟೇಬಲ್ ಫ್ಯಾನ್ ಅದಕ್ಕಿಂತ ಜಾಸ್ತಿ ಕರೆಂಟ್ ತಿನ್ನುತ್ತದೆ. ಆ ಮನೆ ಸ್ಟೇಷನ್‌ಗಿದ್ದ "ಆಕಾಶವಾಣಿ" ಅನ್ನುವ ಹೆಸರನ್ನೇ ಆಮೇಲೆ ದೇಶದ ರೇಡಿಯೊ ತೆಗೆದುಕೊಂಡಿತು. ಅವರ ಬಗ್ಗೆ ಅಕ್ಕಪಕ್ಕದವರು ಏನೆಂದುಕೊಂಡಿದ್ದರೋ ಅಂತ ಆ ಕಡೆ ಹೋದಾಗೆಲ್ಲ ನನಗನ್ನಿಸುತ್ತದೆ.

ಈಗ ಕೆಲಸದ ಮಾತು. ಶಾಸನದವರಿಗೆ: ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲೇ ಇದೆ. ಬಿ.ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಶಾಸನಗಳನ್ನು ತಾಲೂಕುವಾರು ಕೊಟ್ಟಿದ್ದಾರೆ. ನೀವು ಕಂಡ ಕಲ್ಲು ಅದರಲ್ಲಿದೆಯಾ ಅಂತ ಮೊದಲು ನೋಡಿ. ಹತ್ತಕ್ಕೆ ಎಂಟು ಇರುತ್ತದೆ, ಬೇಜಾರಾಗಬೇಡಿ. ಈಗ ಆ ಕಲ್ಲು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಅನ್ನುವುದು ಪುಸ್ತಕದಲ್ಲಿ ಇರುವುದಿಲ್ಲ, ಅದು ನಿಮ್ಮ ಪಾಲಿನ ಕೆಲಸ. ರೈಲಿನವರಿಗೆ 1979ರಿಂದ ರೈಲು ಮ್ಯೂಸಿಯಂ ಇದೆ. ಹುಳ ಹುಪ್ಪಟೆಯವರಿಗೆ ಕಾರಂಜಿ ಕೆರೆ ಹತ್ತಿರ ಪ್ರಾಕೃತಿಕ ಇತಿಹಾಸದ ಮ್ಯೂಸಿಯಂ. ಠಸ್ಸೆಯವರು ಒಂದು ವಿಷಯ ತಿಳಿದಿರಿ: ಮೈಸೂರು ಸಂಸ್ಥಾನದ್ದೇ ಬೇರೆ ಅಂಚೆ ಇತ್ತು, ಅದು ಬ್ರಿಟಿಷರ ಅಂಚೆಯೊಳಗೆ ಸೇರಿದ್ದು 1889ರಲ್ಲಿ. ಅದಕ್ಕಿಂತ ಹಿಂದಿನ ಕಾಗದ ಕೈಗೆ ಸಿಕ್ಕರೆ ಮೊದಲು ಕೂತು ನೀರು ಕುಡಿಯಿರಿ.

ಇಂಥ ಕಡೆ ಹೋಗುವಾಗ "ನನಗೆ ಇದರಲ್ಲಿ ಆಸಕ್ತಿ ಇದೆ ಸಾರ್" ಅಂತ ಹೋದರೆ ಒಂದು ನಗು ಸಿಗುತ್ತದೆ, ಅಷ್ಟೇ. "ಈ ಊರಿನ ಈ ಕಲ್ಲು, ಈ ಮೂರನೇ ಸಾಲಿನ ಈ ಅಕ್ಷರ ಯಾವುದು?" ಅಂತ ಫೋಟೊ ಮುಂದಿಟ್ಟರೆ ಕುರ್ಚಿ ಸಿಗುತ್ತದೆ. ಒಮ್ಮೊಮ್ಮೆ ಕಾಫಿಯೂ.

7. ಮನೆಯವರು

ನಮ್ಮ ದೊಡ್ಡವ್ವ ನನ್ನನ್ನು ನೋಡಿದಾಗೆಲ್ಲ ಒಂದೇ ಗಾದೆ: "ಕೆಲ್ಸ ಇಲ್ದಿದ್ ಬಡಗಿ ಮಗಿನ್ ಕುಂಡೆ ಕೆತ್ತಿದ್ನಂತೆ." ಇದಕ್ಕೆ ಉತ್ತರ ಇಲ್ಲ. ಹುಡುಕಲೂ ಬೇಡಿ. "ಇದರಿಂದ ಏನು ಲಾಭ?" ಅನ್ನುವ ಪ್ರಶ್ನೆಗೆ "ಜ್ಞಾನ ಬೆಳೆಯುತ್ತೆ", "ಒಂದಿನ ಬೆಲೆ ಬರುತ್ತೆ" ಅಂತೆಲ್ಲ ಸುಳ್ಳು ಹೇಳಿದರೆ ಮುಂದಿನ ಹಬ್ಬಕ್ಕೆ "ಬಂತಾ ಬೆಲೆ?" ಅಂತ ಕೇಳುತ್ತಾರೆ. "ಏನೂ ಲಾಭ ಇಲ್ಲ ದೊಡ್ಡವ್ವ, ಸುಮ್ನೆ" ಅಂದುಬಿಡಿ. ಅಲ್ಲಿಗೆ ಮಾತು ಮುಗಿಯುತ್ತದೆ.

ಮಾತಿಗಿಂತ ಒಂದು ಚಿಕ್ಕ ಆಟ ಇಟ್ಟುಕೊಳ್ಳಿ, ಎರಡು ನಿಮಿಷದ್ದು. ನನ್ನದು ಹೀಗೆ. ಹಗಲು ಹೊತ್ತು ರೇಡಿಯೊದಲ್ಲಿ ಬೆಂಗಳೂರು ಹಾಕುತ್ತೇನೆ. ಮಕ್ಕಳಿಗೆ ರೇಡಿಯೊ ಕೊಟ್ಟು ಮೆಲ್ಲಗೆ ತಿರುಗುತ್ತಾ ಬನ್ನಿ ಅನ್ನುತ್ತೇನೆ. ಒಂದು ಕಡೆ ಬಂದಾಗ ದನಿ ಕುಗ್ಗಿ ಹೋಗುತ್ತದೆ. ಒಳಗೆ ಆಂಟೆನಾ ಆಗಿ ಕೆಲಸ ಮಾಡುವ ಫೆರೈಟ್ ಕಡ್ಡಿಯ ತುದಿ ಸ್ಟೇಷನ್ ಕಡೆಗೆ ನೇರವಾಗಿ ನಿಂತಾಗ ಹಾಗಾಗುತ್ತದೆ. "ಈಗ ರೇಡಿಯೊ ಪಕ್ಕ ಯಾವ ಕಡೆ ತೋರಿಸ್ತಿದೆಯೋ ಅದೇ ಬೆಂಗಳೂರಿನ ದಿಕ್ಕು, ಇಲ್ಲಾಂದ್ರೆ ಅದರ ಹಿಂದಿನ ದಿಕ್ಕು" ಅಂದಾಗ ದೊಡ್ಡವರೂ ಎದ್ದು ಬಂದು ತಿರುಗಿಸಿ ನೋಡುತ್ತಾರೆ. ದೊಡ್ಡವ್ವ ಕೂಡ ಒಮ್ಮೆ ತಿರುಗಿಸಿದರು. ಗಾದೆ ಮಾತ್ರ ನಿಲ್ಲಿಸಲಿಲ್ಲ.

ಎರಡು ನಿಮಿಷ ಆದಮೇಲೆ ಬಾಯಿ ಮುಚ್ಚಿ. ಅವರಾಗಿ ಕೇಳಿದರೆ ಮುಂದೆ ಹೇಳಿ.

ಜಾಗದ ವಿಷಯದಲ್ಲಿ ನಿಯತ್ತಾಗಿರಿ. ಒಂದು ಟ್ರಂಕು ಅಂದರೆ ಒಂದು ಟ್ರಂಕೇ. ನಾನು ಟ್ರಂಕ್ ದಾಟಿ ಅಟ್ಟಕ್ಕೆ ಹಬ್ಬಿಸಿದ ವರ್ಷ, ಆಯುಧ ಪೂಜೆಗೆ ಮನೆ ಗುಡಿಸುವಾಗ ಎರಡು ವರ್ಷದ ನೋಟ್‌ಬುಕ್‌ಗಳು ಹಳೇ ಪೇಪರ್ ಜೊತೆ ತೂಕಕ್ಕೆ ಹೋದವು. ಯಾರನ್ನು ಬಯ್ಯಲಿ? ಮೇಲೆ ಏನೂ ಬರೆದಿರಲಿಲ್ಲ, ನೋಡಿದರೆ ಬರೀ ಅಂಕಿಗಳು. ಈಗ ಪ್ರತಿ ಪುಸ್ತಕದ ರಟ್ಟಿನ ಮೇಲೂ ದೊಡ್ಡದಾಗಿ "ಇಟ್ಟುಕೊಳ್ಳಬೇಕು" ಅಂತ ಬರೆದಿದ್ದೇನೆ, ಪ್ರತಿ ಪುಟದ ಫೋಟೊ ತೆಗೆದಿಡುತ್ತೇನೆ. ಅದರ ಮಾರನೇ ವರ್ಷದ ಆಯುಧ ಪೂಜೆಗೆ ಮಹಡಿಯಿಂದ ಇಳಿದು ಬಂದರೆ ಸ್ಕೂಟರ್, ಮಿಕ್ಸಿ, ಇಳಿಗೆಮಣೆ ಸಾಲಿನಲ್ಲಿ ನನ್ನ ರೇಡಿಯೊಗೂ ಕುಂಕುಮ ಇಟ್ಟು, ಏರಿಯಲ್‌ಗೆ ಸೇವಂತಿಗೆ ಸಿಕ್ಕಿಸಿದ್ದಳು ಹೆಂಡತಿ. "ನಿಮ್ಮ ಆಯುಧ ತಾನೇ ರೀ ಅದು?" ಅಂದಳು.

8. ದೂರದವರಿಗೆ ಬರೆಯಿರಿ

ಊರಲ್ಲಿ ಇಲ್ಲದ ಜೊತೆ ದೂರದಲ್ಲಿ ಇರುತ್ತದೆ. ಆದರೆ ಹರಟೆಗಿಂತ ಉಪಯೋಗದ ಮಾತಿನಿಂದ ಶುರು ಮಾಡಿ. ಡಿಎಕ್ಸಿಂಗ್‌ನಲ್ಲಿ ಇದಕ್ಕೆ ಒಳ್ಳೆಯ ಪದ್ಧತಿ ಇದೆ. ಸ್ಟೇಷನ್ ಕೇಳಿದ ದಿನ, ಯುಟಿಸಿ ಹೊತ್ತು, ತರಂಗಾಂತರ, ಅರ್ಧ ಗಂಟೆಯಲ್ಲಿ ಏನೇನು ಪ್ರಸಾರವಾಯಿತು, ಮಾರ್ಕ್ಸು ಎಷ್ಟು, ಇಷ್ಟನ್ನು ಅವರಿಗೇ ಬರೆದು ಕಳಿಸುತ್ತೇವೆ. ತಮ್ಮ ದನಿ ಎಲ್ಲಿ ತಲುಪಿತು ಅಂತ ಅವರಿಗೆ ಗೊತ್ತಾಗುತ್ತದೆ. ಸರಿ ಇದ್ದರೆ ಒಪ್ಪಿಗೆಯ ಕಾರ್ಡು ಕಳಿಸುತ್ತಾರೆ, ಕ್ಯೂಎಸ್‌ಎಲ್ ಕಾರ್ಡ್ ಅಂತ.

ನನಗೆ ಬಂದ ಮೊದಲ ಕಾರ್ಡ್ ರೇಡಿಯೊ ರೊಮೇನಿಯಾದ್ದು. ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರವೇ ನಿಂತು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಎಲ್ಲಿ ಬರುತ್ತೆ ಸಾರ್ ಇದು? ನೆಂಟರಾ?" ಅಂದರು. ಹೂಂ ಅಂದೆ.

ಕಾಯುವುದಕ್ಕೆ ತಯಾರಿರಿ. ನಾಲ್ಕು ತಿಂಗಳು, ಆರು ತಿಂಗಳು, ಕೆಲವಕ್ಕೆ ಉತ್ತರವೇ ಇಲ್ಲ. ಕಳಿಸಿದ್ದರ ನಕಲು ಇಟ್ಟುಕೊಳ್ಳಿ.

9. ಬೇಸರ ಬಂದರೆ

ನಿಲ್ಲಿಸಿ. ಯಾರೂ ಸಂಬಳ ಕೊಡುತ್ತಿಲ್ಲ. ನಾನು ಒಮ್ಮೆ ಹದಿನಾಲ್ಕು ತಿಂಗಳು ರೇಡಿಯೊ ಮುಟ್ಟಿರಲಿಲ್ಲ. ನೋಟ್‌ಬುಕ್‌ನಲ್ಲಿ ಅಲ್ಲಿ ಎರಡು ಗೆರೆ ಎಳೆದು "ಬಿಡುವು" ಅಂತ ಬರೆದಿದೆ. ಸೆಲ್ ಮಾತ್ರ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ.

10. ಆಮೇಲೆ ಯಾರಿಗೆ?

ಊರಿಗೊಬ್ಬರೇ ಇರುವ ಹವ್ಯಾಸದ ಸಾಮಾನು, ಆ ಒಬ್ಬರು ಹೋದ ವಾರಕ್ಕೇ ಗುಜರಿಗೆ ಹೋಗುತ್ತದೆ. ಮನೆಯವರ ತಪ್ಪಲ್ಲ, ಅವರಿಗೆ ಯಾವುದು ಏನು ಅಂತ ಗೊತ್ತಿರುವುದಿಲ್ಲ. ಅದಕ್ಕೇ ಟ್ರಂಕಿನ ಮುಚ್ಚಳದ ಒಳಗೆ ಒಂದು ಹಾಳೆ ಅಂಟಿಸಿ. ಒಳಗೆ ಏನೇನಿದೆ, ಯಾವುದು ಎಸೆಯಬಹುದು, ಯಾವುದು ಬಾರದು, ಯಾರಿಗೆ ಕೊಡಬೇಕು, ನಾಲ್ಕೇ ಸಾಲು. ಕೊಡುವ ಕಡೆಯವರನ್ನು ಮೊದಲೇ ಕೇಳಿಟ್ಟಿರಿ. ಎಲ್ಲ ಮ್ಯೂಸಿಯಂ, ಎಲ್ಲ ಲೈಬ್ರರಿಗೂ ನಿಮ್ಮ ಟ್ರಂಕ್ ಬೇಕಿರುವುದಿಲ್ಲ.

ನನ್ನ ಹಾಳೆಯಲ್ಲಿ ಹೀಗಿದೆ: "ನೋಟ್‌ಬುಕ್ 31, ಎಸೆಯಬೇಡಿ. ಕಾರ್ಡುಗಳು ಸಿಹಿ ಡಬ್ಬದಲ್ಲಿವೆ, ಎಸೆಯಬೇಡಿ. ವೈರು ಯಾರಿಗಾದರೂ ಕೊಡಿ. ರೇಡಿಯೊಗಳನ್ನು ಗುಜರಿ ಅಣ್ಣನಿಗೇ ವಾಪಸ್ ಕೊಡಿ, ಕೆಜಿ ಲೆಕ್ಕದಲ್ಲಿ ಅಲ್ಲ."

ಅದರ ಕೆಳಗೆ ಮಗಳು ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದಾಳೆ: "ಇಲಿ ಕಡಿದ ರೇಡಿಯೊ ಕೊಡಲ್ಲ, ಅದು ನಂದು."